ರಾತ್ರಿಯ ಎಂಜಿನ್ ಜ್ವಾಲೆ ನೀಲಿಯೋ, ಕೆಂಪೋ?

ಪ್ರಶ್ನೆ: ಎರಡನೇ ಮಹಾಯುದ್ಧದ ವಿಮಾನಗಳ ಎಕ್ಸಾಸ್ಟ್ (ಎಂಜಿನ್ನಿನ ಹೊಗೆಕೊಳವೆ) ಜ್ವಾಲೆ ಸಿನಿಮಾಗಳಲ್ಲಿ ಕಿತ್ತಳೆ ಬಣ್ಣದ್ದಾಗಿ ಕಂಡರೆ, ಈಗಿನ ವಿಡಿಯೊಗಳಲ್ಲಿ ನೀಲಿಯಾಗಿ ಕಾಣುತ್ತದೆ. ಯಾವುದು ನಿಜ? ನೀಲಿಯಾಗಿದ್ದರೆ ಎಂಜಿನ್ ಸರಿಯಿದೆ ಎಂದರ್ಥವೇ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ಎರಡೂ ನಿಜ. ಆದರೆ ಅಡುಗೆಮನೆಯ ಗ್ಯಾಸ್ ಒಲೆಯಿಂದ ಕಲಿತ ‘ನೀಲಿ ಒಳ್ಳೆಯದು, ಹಳದಿ ಕೆಟ್ಟದ್ದು’ ಎಂಬ ಪಾಠವನ್ನು ಬ್ರಿಟಿಷ್ ಯುದ್ಧವಿಮಾನಗಳಲ್ಲಿದ್ದ ಮರ್ಲಿನ್‌ನಂಥ ಎಂಜಿನ್ನಿಗೆ ಅನ್ವಯಿಸಬೇಡಿ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೊ ಗಾಳಿ ಬೇಕು. ಮೇಲೇರುವಾಗ ಸಿಲಿಂಡರುಗಳು ಅತಿಯಾಗಿ ಕಾಯದಿರಲೆಂದು, ಇಂಧನ ಹೊತ್ತಿಗೆ ಮುಂಚೆ ತಾನಾಗಿಯೇ ಸಿಡಿಯದಿರಲೆಂದು, ಉದ್ದೇಶಪೂರ್ವಕವಾಗಿಯೇ ಅದಕ್ಕಿಂತ ಹೆಚ್ಚು ಪೆಟ್ರೋಲ್ ಕೊಡುತ್ತಿದ್ದರು. ಆಗ ಆಮ್ಲಜನಕ ಸಾಲದೆ ಉಳಿದ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಕೊಳವೆಯ ಬಾಯಿಗೆ ಬಿಸಿಯಾಗಿಯೇ ಬಂದು, ಹೊರಗಿನ ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತವೆ. ಕಾರ್ಬನ್ ಮಾನಾಕ್ಸೈಡ್ ಉರಿಯುವ ಬಣ್ಣವೇ ನೀಲಿ. ಎಂದರೆ, ನೀವು ಮೆಚ್ಚಿದ ಆ ನೀಲಿಯೇ ಹಲವು ಬಾರಿ ಪೆಟ್ರೋಲ್ ಹೆಚ್ಚಾಗಿದ್ದುದರ ಗುರುತು. ಇನ್ನೂ ಹೆಚ್ಚಾದರೆ ಮಸಿಯ ಕಣಗಳು ಕಾದು ಹೊಳೆದು ಜ್ವಾಲೆ ಹಳದಿ, ಕಿತ್ತಳೆ, ಕೆಂಪಾಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಉಳಿಯುವುದು ಗಿಡ್ಡನೆಯ, ಮಂಕಾದ ಜ್ವಾಲೆ. ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರಿನ ಮಿಶ್ರಣ 12 ಸಿಲಿಂಡರುಗಳಿಗೂ ಸಮನಾಗಿ ಹಂಚಿಕೆಯಾಗುತ್ತಿರಲಿಲ್ಲವಾದ್ದರಿಂದ, ಒಂದೇ ಎಂಜಿನ್ನಿನ ಎರಡು ಕೊಳವೆಗಳು ಬೇರೆ ಬೇರೆ ಬಣ್ಣ ತೋರಿಸಿದರೆ ಅಚ್ಚರಿಪಡಬೇಕಾಗಿಲ್ಲ. ಕಾದ ಕೊಳವೆಯ ಲೋಹ ತಾನೇ ಕೆಂಪಗೆ ಹೊಳೆಯುವುದನ್ನು ದಯವಿಟ್ಟು ಜ್ವಾಲೆಯೆನ್ನಬೇಡಿ. ಇಂದಿನ ಕ್ಯಾಮೆರಾಗಳನ್ನೂ ನಾನು ಪೂರ್ತಿ ನಂಬುವುದಿಲ್ಲ. ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ಕಣ್ಣಿಗೆ ಕಂಡೂ ಕಾಣದಂತಿರುವ ನೀಲಿಯೂ ಪಂಜಿನಂತೆ ಉರಿಯುತ್ತದೆ.

ಯುದ್ಧಕಾಲದ ಪೈಲಟ್‌ಗೆ ತೊಂದರೆ ಕೊಟ್ಟದ್ದು ಬಣ್ಣವಲ್ಲ, ಬೆಳಕು. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಷ್ಟು ಬೇಕು. ಮೂಗಿನ ನೇರಕ್ಕೆ ಉರಿಯುವ ಜ್ವಾಲೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಆದ್ದರಿಂದಲೇ ರಾತ್ರಿ ಹಾರುವ ಬ್ರಿಟಿಷ್ ಫೈಟರ್ ವಿಮಾನಗಳಾದ ಹರಿಕೇನ್‌ಗಳಲ್ಲಿ ಎಕ್ಸಾಸ್ಟ್‌ಗೂ ಕಾಕ್‌ಪಿಟ್‌ಗೂ ನಡುವೆ ಲೋಹದ ತಗಡು ಕೂರಿಸಿದರು. ಲಂಕಾಸ್ಟರ್ ಬಾಂಬರಿನ ಕೊಳವೆಗಳಿಗೆ ಮುಸುಕು ಹಾಕಿದ್ದಕ್ಕೆ ಕಾರಣ ಬೇರೆ: ಹಿಂದಿನಿಂದ ಬರುವ ಶತ್ರುವಿಗೆ ಜ್ವಾಲೆ ಕಾಣಬಾರದಿತ್ತು. ಮುಸುಕು ಪುಕ್ಕಟೆಯಲ್ಲ, ಗಾಳಿಯ ತಡೆ ಹೆಚ್ಚುತ್ತದೆ, ಹಿಂದಕ್ಕೆ ಚಿಮ್ಮುವ ಹೊಗೆಯಿಂದ ಸಿಗುವ ನೂಕುಬಲವೂ ಕುಗ್ಗುತ್ತದೆ.

ಪ್ರಶ್ನೆ: 100 ಆಕ್ಟೇನ್ ಪೆಟ್ರೋಲಿಗೆ ಹಸಿರು ಬಣ್ಣ ಬೆರೆಸುತ್ತಿದ್ದರಂತೆ. ಜ್ವಾಲೆಯೂ ಹಸಿರಾಗಿತ್ತೇ?

ಉತ್ತರ: ಇಲ್ಲ. ಆ ಬಣ್ಣ ಇದ್ದದ್ದು ಇಂಧನದ ದರ್ಜೆ ಗುರುತಿಸಲು.

ಪ್ರಶ್ನೆ: ಜರ್ಮನ್ ವಿಮಾನದ ಜ್ವಾಲೆ ಕೆಂಪು, ಬ್ರಿಟಿಷರದ್ದು ನೀಲಿ ಎಂಬುದು ಹೌದೇ?

ಉತ್ತರ: ಮಿಶ್ರಣಕ್ಕೆ ರಾಷ್ಟ್ರೀಯತೆ ಇರುವುದಿಲ್ಲ.

ಪ್ರಶ್ನೆ: ವಿಮಾನದ ಮಾಡೆಲ್ ಮಾಡುತ್ತಿದ್ದೇನೆ. ಎಕ್ಸಾಸ್ಟ್ ಕಲೆ ಕಪ್ಪಗಿರಬೇಕೇ?

ಉತ್ತರ: ಬರೀ ಕಪ್ಪು ಬಳಿಯಬೇಡಿ. ಮಸಿ ಕಪ್ಪು, ಆದರೆ ಇಂಧನದಲ್ಲಿದ್ದ ಸೀಸದ ಲವಣಗಳು ತಿಳಿಬೂದು ಪಟ್ಟೆ ಬಿಡುತ್ತವೆ.

ಪ್ರಶ್ನೆ: ನಮ್ಮೂರಿನ ಮೆಕ್ಯಾನಿಕ್ ಸೈಲೆನ್ಸರ್ ಬಿಚ್ಚಿ, ಕತ್ತಲಲ್ಲಿ ಬೆಂಕಿಯ ಬಣ್ಣ ನೋಡಿ ಬೈಕ್ ಟ್ಯೂನ್ ಮಾಡುತ್ತಾನೆ. ನಂಬಬಹುದೇ?

ಉತ್ತರ: ಬೈಕ್ ವಾಪಸ್ ತೆಗೆದುಕೊಂಡು ಬನ್ನಿ. ಅವನು ಅದನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡುತ್ತಿದ್ದರೆ ನೀವು ಒಳಗೆ ಕಾಲಿಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.