ಚಳಿಗಾಲದಲ್ಲಿ ಹೊರಗಿನ ಗ್ಯಾಸ್ ಗ್ರಿಲ್‌ಗೆ ಯಾವ ಕವರ್ ಒಳ್ಳೆಯದು? ಸಿಲಿಂಡರ್ ಸಮೇತ ಒಳಗೆ ಇಡಬಹುದಾ?

"ಒಂದು ಹನಿ ನೀರೂ ಒಳಗೆ ಹೋಗದಂಥ ಕವರ್ ಬೇಕು" ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ಉತ್ತರ ಬರೆಯೋಕೆ ಕೂತೆ. ನಾನೂ ಅಂಥದ್ದನ್ನೇ ಹುಡುಕಿದ್ದೆ. ಸಿಕ್ಕಿತ್ತು ಕೂಡ. ನನ್ನ ಗ್ರಿಲ್ ಹಾಳಾಗಿದ್ದೇ ಅದರಿಂದ.

ಚಳಿ ಶುರುವಾಗೋ ಹೊತ್ತಿಗೆ ಗ್ರಿಲ್ಲನ್ನು ಚೆನ್ನಾಗಿ ತೊಳೆದೆ. ಸೋಪು ಹಾಕಿ ಉಜ್ಜಿ, ಪೈಪ್ ಹಿಡಿದು ಮೂಲೆಮೂಲೆಗೂ ನೀರು ಬಿಟ್ಟೆ. ಬಟ್ಟೆಯಲ್ಲಿ ಒರೆಸಿದೆ. ಮುಟ್ಟಿ ನೋಡಿದರೆ ಒಣಗಿತ್ತು. ಮೋಡ ಬೇರೆ ಕವಿದಿತ್ತು. ಮಳೆ ಬಂದರೆ ಮಾಡಿದ ಕೆಲಸವೆಲ್ಲ ದಂಡ ಅಂತ ಆ ಸಂಜೆಯೇ ದಪ್ಪ ಪ್ಲಾಸ್ಟಿಕ್ ಕವರ್ ಹೊದಿಸಿ, ಬುಡದಲ್ಲಿ ಹಗ್ಗ ಸುತ್ತಿ ಬಿಗಿದು ಕಟ್ಟಿದೆ. ಗಾಳಿಯೂ ನುಸುಳಬಾರದು, ಹಾಗೆ. ಚಳಿಗಾಲ ಮುಗಿಯೋವರೆಗೆ ಆ ಕಡೆ ತಲೆ ಹಾಕಲಿಲ್ಲ.

ಬಿಚ್ಚಿದಾಗ ಹೊರಗೆಲ್ಲ ಫಳಫಳ ಹೊಳೀತಿತ್ತು. ಮುಚ್ಚಳ ಎತ್ತಿದರೆ ಗಬ್ಬು ವಾಸನೆ, ಜಾಲರಿ ಮೇಲೆ ಬೂಷ್ಟು. ಬೂಷ್ಟನ್ನು ಸುಟ್ಟು ಉಜ್ಜಿ ತೆಗೆಯಬಹುದು ಬಿಡಿ. ಬರ್ನರ್ ಕಥೆ ಬೇರೆ. ಅದು ಕೊಳಲಿನ ಹಾಗೆ ಉದ್ದಕ್ಕೂ ತೂತುಗಳಿರುವ ಕೊಳವೆ ಅಲ್ವಾ? ಹೊರಗೆ ತೆಗೆದು ಅಲ್ಲಾಡಿಸಿದರೆ ಒಳಗಿಂದ ಕಂದು ಪುಡಿ ಉದುರಿತು. ಕೆಲವು ತೂತು ತುಕ್ಕಿನಿಂದ ಮುಚ್ಚಿಹೋಗಿದ್ದವು. ಒಂದು ಕಡೆ ಅಕ್ಕಪಕ್ಕದ ತೂತುಗಳು ಸೇರಿ ಬೆರಳ ತುದಿ ಹೋಗುವಷ್ಟು ದೊಡ್ಡದಾಗಿತ್ತು. ಅದನ್ನು ಹಚ್ಚಿ ನೋಡೋ ಧೈರ್ಯ ಬರಲಿಲ್ಲ. ಬರ್ನರ್ ಅಷ್ಟನ್ನೂ ಬದಲಾಯಿಸಬೇಕಾಯಿತು.

ಕವರಿನದೇನೂ ತಪ್ಪಿಲ್ಲ. ಮಳೆ ನೀರನ್ನು ಅದು ಸ್ವಲ್ಪವೂ ಒಳಗೆ ಬಿಟ್ಟಿರಲಿಲ್ಲ. ನೀರನ್ನು ಒಳಗಿಟ್ಟು ಕಟ್ಟಿದವನು ನಾನು. ಬಟ್ಟೆಯಲ್ಲಿ ಒರೆಸಿದ್ದು ಬರೀ ಕೈಗೆ ಸಿಗುವ ಜಾಗ. ಕೊಳವೆಯೊಳಗೆ, ಸ್ಕ್ರೂ ಸಂದಿಯಲ್ಲಿ, ಜಿಡ್ಡಿನ ತಟ್ಟೆ ಅಡಿಯಲ್ಲಿ ನೀರು ಹಾಗೇ ನಿಂತಿತ್ತು. ಹಗಲು ಬಿಸಿಲು ಬಿದ್ದರೆ ಕವರ್ ಒಳಗೆ ಬೆಚ್ಚಗಾಗಿ ಅದು ಆವಿಯಾಗುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲ. ರಾತ್ರಿ ಲೋಹ ತಣ್ಣಗಾದಾಗ ಅದೇ ಆವಿ ಮತ್ತೆ ಹನಿಗಟ್ಟಿ ಕೂರುತ್ತೆ. ಮಾರನೇ ದಿನವೂ ಇದೇ. ಬುಡದವರೆಗೂ ಎಳೆದು ಕಟ್ಟಿದ್ದರಿಂದ ನೆಲದ ತೇವವೂ ಒಳಗೇ ಸೇರಿಕೊಂಡಿತು. ಸಂದಿಯಲ್ಲಿ ಉಳಿದ ಜಿಡ್ಡಿನಲ್ಲಿ ಉಪ್ಪು ಇರುತ್ತೆ. ಉಪ್ಪಿಗೆ ತೇವ ಸೇರಿದರೆ ತುಕ್ಕು ಹಿಡಿಯೋಕೆ ಜಾಸ್ತಿ ದಿನ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಉಪ್ಪು ಕೂತ ಕಡೆ ಅದಕ್ಕೂ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತೆ.

ಒಂದು ದಿನ ಬಿಸಿಲಿಗೆ ಬಿಟ್ಟಿದ್ದರೆ ಸಾಕಿತ್ತಲ್ಲ ಅಂತ ಕೇಳಬಹುದು. ಚಳಿಗಾಲದ ಹೊಸ್ತಿಲಿನ ಬಿಸಿಲಿಗೆ ಕೊಳವೆಯ ಒಳಗೆ ಒಣಗಲ್ಲ. ಉರಿಯಿಂದಲೇ ಒಣಗಿಸಬೇಕು. ತೊಳೆದ ಮೇಲೆ ಎಲ್ಲ ಜೋಡಿಸಿ, ಮುಚ್ಚಳ ಮುಚ್ಚಿ, 15 ನಿಮಿಷ ಜೋರು ಉರಿಯಲ್ಲಿ ಬಿಡಿ. ಆಮೇಲೆ ಪೂರ್ತಿ ತಣ್ಣಗಾಗೋವರೆಗೆ ಕವರ್ ಮುಟ್ಟಲೇಬೇಡಿ. ಬೆಚ್ಚಗಿರುವಾಗಲೇ ಹೊದಿಸಿದರೆ ಪ್ಲಾಸ್ಟಿಕ್ ಕರಗಬಹುದು, ಇಲ್ಲದಿದ್ದರೂ ಒಳಗೆ ಬೆವರುತ್ತೆ.

ಹಾಗಾಗಿ ಯಾವ ಕವರ್ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬಿಗಿಯಾದ ಕವರ್ ಹಾಕೋದಕ್ಕಿಂತ ಕವರೇ ಇಲ್ಲದೆ ಸೂರಿನಡಿ ಇಡೋದು ಮೇಲು. ಹಾಕಲೇಬೇಕು ಅಂದರೆ ಗಾಳಿಕಿಂಡಿ ಇರುವ ಬಟ್ಟೆಯ ಕವರ್ ತಗೊಳ್ಳಿ, ಬುಡದಲ್ಲಿ ಗೇಣುದ್ದ ಖಾಲಿ ಬಿಡಿ. ಮಳೆಯಿಲ್ಲದ ದಿನ ಆಗಾಗ ತೆಗೆದು ಗಾಳಿ ಆಡೋಕೆ ಬಿಡಿ. ನಾನಂತೂ ಈಗ ಗ್ರಿಲ್ಲನ್ನು ಕಟ್ಟಿಡೋದೇ ಇಲ್ಲ, ಚಳಿಯಲ್ಲೂ ಬಳಸ್ತೀನಿ. ಆಗಾಗ ಉರಿ ಕಂಡ ಗ್ರಿಲ್‌ನಲ್ಲಿ ತೇವ ನಿಲ್ಲಲ್ಲ.

ಪೈಪ್‌ನಲ್ಲಿ ನೀರು ಬಿಡೋ ಕೆಲಸವೂ ಬೇಡ. ಮೊದಲು ಜೋರು ಉರಿಯಲ್ಲಿ ಅಂಟಿದ್ದನ್ನೆಲ್ಲ ಸುಟ್ಟು, ಬಿಸಿ ಆರಿದ ಮೇಲೆ ಕೆರೆದು ತೆಗೆದರೆ ಮುಕ್ಕಾಲು ಕೆಲಸ ಮುಗೀತು. ತಂತಿ ಬ್ರಷ್ ಬಳಸಿದರೆ ಜಾಲರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಮುರಿದ ತಂತಿ ಎಳೆ ಅಂಟಿಕೊಂಡಿದ್ದರೆ ಊಟದ ಜೊತೆ ಗಂಟಲಿಗೆ ಹೋಗುತ್ತೆ. ಜಾಲರಿ ಬೀಡು ಕಬ್ಬಿಣದ್ದಾದರೆ ಉಗುರುಬೆಚ್ಚಗಿರುವಾಗ ಅಡುಗೆ ಎಣ್ಣೆ ತೆಳುವಾಗಿ ಸವರಿ. ಜಿಡ್ಡಿನ ತಟ್ಟೆ ಖಾಲಿ ಮಾಡದೆ ಬಿಟ್ಟರೆ ಇಲಿಗಳಿಗೆ ಹಬ್ಬ, ಜೊತೆಗೆ ಗ್ಯಾಸ್ ಟ್ಯೂಬನ್ನೂ ಕಡಿದು ಹೋಗುತ್ತವೆ. ಕಿಡಿ ಹೊತ್ತಿಸೋ ಬಟನ್‌ಗೆ ಸೆಲ್ ಇದ್ದರೆ ತೆಗೆದಿಡಿ, ಸೋರಿ ಕೆಡುತ್ತೆ.

ಇನ್ನು ಸಿಲಿಂಡರ್. ಒಳಗೆ ಇಡಬೇಡಿ. ಮನೆಯೊಳಗೂ ಬೇಡ, ಗ್ಯಾರೇಜೂ ಬೇಡ, ನೆಲಮಾಳಿಗೆ ಅಂತೂ ಬೇಡವೇ ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ. ಚೂರು ಸೋರಿದರೂ ಮೇಲೆ ಹಾರಿಹೋಗಲ್ಲ, ನೆಲಮಟ್ಟದಲ್ಲೇ ಶೇಖರವಾಗುತ್ತೆ, ಒಂದು ಕಿಡಿ ಸಾಕು. ವಾಲ್ವ್ ಮುಚ್ಚಿ, ಟ್ಯೂಬ್ ಬಿಚ್ಚಿ, ಹೊರಗೇ ನೆಟ್ಟಗೆ ನಿಲ್ಲಿಸಿ. ಚಳಿಗೆ ಹಾಳಾಗುತ್ತೆ ಅನ್ನೋ ಹೆದರಿಕೆ ಬೇಡ. ಸಿಲಿಂಡರ್‌ನಲ್ಲಿ ದ್ರವವಾಗಿರೋ ಪ್ರೊಪೇನ್ ಕುದಿದು ಗ್ಯಾಸ್ ಆಗೋದೇ ಮೈನಸ್ 42 ಡಿಗ್ರಿಯಲ್ಲಿ, ಅದಕ್ಕಿಂತ ಬೆಚ್ಚಗಿದ್ದರೆ ಗ್ಯಾಸ್ ಬರುತ್ತೆ. ಅದರ ಜೊತೆ ಬೆರೆಸೋ ಬ್ಯುಟೇನ್ ಜಾಸ್ತಿ ಇದ್ದರೆ ಸೊನ್ನೆ ಡಿಗ್ರಿ ಹತ್ತಿರ ಉರಿ ಸಣ್ಣದಾಗುತ್ತೆ, ಅಷ್ಟೇ. ಸಿಲಿಂಡರ್ ಬಿಚ್ಚಿದ ಗ್ರಿಲ್ಲನ್ನು ಮಾತ್ರ ಧಾರಾಳವಾಗಿ ಒಳಗೆ ತಳ್ಳಿ.

ಇದ್ದಿಲಿನ ಗ್ರಿಲ್ ಇರುವವರಿಗೆ ಒಂದೇ ಮಾತು: ಬೂದಿ ಬಿಡಬೇಡಿ. ಬೂದಿ ತೇವ ಹೀರಿ ಕ್ಷಾರವಾಗಿ, ತಳವನ್ನೇ ತಿನ್ನುತ್ತೆ.

ಚಳಿಗಾಲ ಮುಗಿದು ಮತ್ತೆ ಹಚ್ಚೋ ಮುಂಚೆ ಬರ್ನರ್ ಬಿಚ್ಚಿ, ವಾಲ್ವ್ ಕಡೆಯ ಬಾಯಿಯಲ್ಲಿ ಸಣ್ಣ ಬ್ರಷ್ ಆಡಿಸಿ. ಜೇಡಗಳಿಗೆ ಆ ಜಾಗ ಅಂದರೆ ಬಲು ಇಷ್ಟ. ಬಲೆ ಕಟ್ಟಿಕೊಂಡರೆ ಗ್ಯಾಸ್ ಮುಂದೆ ಹೋಗದೆ ಹಿಂದಕ್ಕೆ ಬಂದು, ತಿರುಪುವ ಗುಂಡಿಗಳ ಹತ್ತಿರವೇ ಹೊತ್ತಿಕೊಳ್ಳಬಹುದು. ಆಮೇಲೆ ಸಿಲಿಂಡರ್ ಜೋಡಿಸಿ, ಬರ್ನರ್ ಗುಂಡಿಗಳು ಆಫ್ ಇರುವಾಗಲೇ ವಾಲ್ವ್ ತೆರೆದು, ಟ್ಯೂಬ್ ಮತ್ತು ರೆಗ್ಯುಲೇಟರ್ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಕೂಡಲೇ ವಾಲ್ವ್ ಮುಚ್ಚಿ. ಜೋಡಣೆಯಲ್ಲಾದರೆ ಬಿಚ್ಚಿ ಸರಿಯಾಗಿ ಕೂರಿಸಿ ಮತ್ತೆ ನೋಡಿ. ಟ್ಯೂಬಿನ ಮೈಯಲ್ಲೇ ಎದ್ದರೆ ಟೇಪ್ ಗೀಪ್ ಸುತ್ತೋಕೆ ಹೋಗಬೇಡಿ, ಹೊಸ ಟ್ಯೂಬ್ ಹಾಕಿಸಿ.