ಸಾವಯವ ತರಕಾರಿ ಚೀಲ: ಕೇಳಬೇಕಾದ ಪ್ರಶ್ನೆಗಳು

ಕಲಬುರಗಿಯಲ್ಲಿ ವಾರಕ್ಕೊಮ್ಮೆ ಮನೆಗೆ ತಲುಪಿಸುವ ತರಕಾರಿ ನಿಜಕ್ಕೂ ಸಾವಯವವೇ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ಮೊದಲು ಬೆಳೆಗಾರರ ಪ್ರಮಾಣಪತ್ರದ ಪ್ರತಿಯನ್ನು ಕೇಳಿರಿ. ರೈತರ ಗುಂಪುಗಳು ಪರಸ್ಪರ ಹೊಲಗಳನ್ನು ಪರಿಶೀಲಿಸಿ ದೃಢೀಕರಿಸುವ ಪಿಜಿಎಸ್-ಇಂಡಿಯಾ ವ್ಯವಸ್ಥೆಯಲ್ಲಿ ‘ಗ್ರೀನ್’ ಎಂದಿದ್ದರೆ ಹೊಲ ಇನ್ನೂ ಸಾವಯವಕ್ಕೆ ಪರಿವರ್ತನೆಯ ಹಂತದಲ್ಲಿದೆ ಎಂದೂ, ‘ಆರ್ಗ್ಯಾನಿಕ್’ ಎಂದಿದ್ದರೆ ಆ ಅವಧಿ ಮುಗಿದಿದೆ ಎಂದೂ ಅರ್ಥ. ಗ್ರೀನ್ ಎಂದಾಕ್ಷಣ ತಿರಸ್ಕರಿಸಬೇಕಿಲ್ಲ. ಆದರೆ ಅದಕ್ಕೆ ಪೂರ್ಣ ಸಾವಯವದ ಬೆಲೆ ಕೊಡಬೇಡಿ. ಪೊಟ್ಟಣದ ತೊಗರಿಬೇಳೆಯಾದರೆ ‘ಜೈವಿಕ್ ಭಾರತ್’ ಮುದ್ರೆಯನ್ನು ನೋಡಿರಿ.

ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ನಸುಕಿನಲ್ಲಿ ಕಿತ್ತು ಬೆಳಿಗ್ಗೆ ಎಂಟರೊಳಗೆ ತಲುಪಿಸದಿದ್ದರೆ ಮೆಂತ್ಯ, ಪುಂಡಿಪಲ್ಯ ಬಾಡಿಯೇ ಬರುತ್ತವೆ. ಆದ್ದರಿಂದ ಸೊಪ್ಪನ್ನು ವಾರಕ್ಕೆರಡು ಸಲ ಸ್ವಲ್ಪಸ್ವಲ್ಪವೇ ತರಿಸಿಕೊಳ್ಳಿ. ಉಳ್ಳಾಗಡ್ಡಿ, ಕುಂಬಳಕಾಯಿಗೆ ಅಂಥ ಅವಸರವಿಲ್ಲ. ಹೂಕೋಸು ತಂಪು ಹವೆಯ ಬೆಳೆ; ಮೇ ತಿಂಗಳಲ್ಲೂ ಸ್ಥಳೀಯ ಹೂಕೋಸು ಕೊಡುತ್ತೇವೆ ಎನ್ನುವವರ ಹೊಲವನ್ನು ಒಮ್ಮೆ ನೋಡಿಕೊಂಡು ಬರುವುದು ಲೇಸು.