ರ್‍ಯಾಂಕ್ ಇಲ್ಲದ ಜಿಲ್ಲೆಯ ಸನ್ಮಾನಗಳು

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ರ್‍ಯಾಂಕೇ ಇಲ್ಲವಲ್ಲ, ಹಾಗಾದರೆ ಕಾಸರಗೋಡಿನ ಶಾಲೆಗಳಲ್ಲಿ ಯಾರನ್ನು ಸನ್ಮಾನಿಸುತ್ತೀರಿ ಎಂದು ಕೇಳಿದ್ದೀರಿ. ಸನ್ಮಾನಕ್ಕೆ ನಮ್ಮಲ್ಲಿ ಬರವಿಲ್ಲ ಸ್ವಾಮಿ! 2005ರಲ್ಲಿ ಗ್ರೇಡ್ ಪದ್ಧತಿ ಬಂದ ಮೇಲೆ ರ್‍ಯಾಂಕಿನ ಜಾಗದಲ್ಲಿ ‘ಫುಲ್ ಎ ಪ್ಲಸ್’ ಬಂದು ಕುಳಿತಿದೆ. ಅಂದರೆ ಹತ್ತು ಪತ್ರಿಕೆಗಳಲ್ಲೂ ಎಲ್ಲಕ್ಕಿಂತ ಮೇಲಿನ ಗ್ರೇಡಾದ ಎ ಪ್ಲಸ್. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಹತ್ತರಲ್ಲಿ ಎರಡು ಕನ್ನಡದವೇ.

ಫಲಿತಾಂಶ ಬಂದದ್ದೇ ತಡ, ಪಂಚಾಯತು, ಪಿಟಿಎ ಎಂಬ ಶಿಕ್ಷಕ-ರಕ್ಷಕ ಸಂಘ, ಸಹಕಾರಿ ಬ್ಯಾಂಕು, ಊರಿನ ಕ್ಲಬ್ಬು ಎಲ್ಲವೂ ಶಾಲು ಹಿಡಿದು ಸಾಲುಗಟ್ಟುತ್ತವೆ. ಸ್ಮರಣಿಕೆಯ ಮೇಲಿನ ಬರಹ ಹೆಚ್ಚಾಗಿ ಮಲಯಾಳದಲ್ಲಿ, ಮುಖ್ಯೋಪಾಧ್ಯಾಯರ ಮಾತು ಕನ್ನಡದಲ್ಲಿ, ಮನೆಯವರ ಪಿಸುಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಹವ್ಯಕದಲ್ಲೋ. ಇಲ್ಲಿ ಯಾರಿಗೂ ಅದೊಂದು ವಿಶೇಷವೆನಿಸುವುದಿಲ್ಲ. ನನ್ನನ್ನು ಕೇಳಿದರೆ ಇಂಥ ಸಭೆಗಳಲ್ಲಿ ಅರ್ಧಕ್ಕರ್ಧ ನಡೆಯುವುದು ಮಕ್ಕಳಿಗಾಗಿ ಅಲ್ಲ, ವೇದಿಕೆಯ ಕುರ್ಚಿಗಳಲ್ಲಿ ಕುಳಿತವರಿಗಾಗಿ.

ಊರು ನಿಜಕ್ಕೂ ಹಿಗ್ಗುವುದು ಕಲೋತ್ಸವದ, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ, ಗೆಲುವಿಗೆ. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಲಂನಲ್ಲಿ ಆರಂಭವಾದದ್ದು. ಶಾಲೆ ದಾಟಿದ ಮೇಲೆ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೂರು ಮೆಟ್ಟಿಲು. ಗೆದ್ದ ಜಿಲ್ಲೆಗೆ ನೂರ ಹದಿನೇಳೂವರೆ ಪವನಿನ ಚಿನ್ನದ ಕಪ್. ಸ್ಪರ್ಧೆಯ ಎ ಗ್ರೇಡಿಗೆ ಐದು ಅಂಕ, ಬಿ ಗ್ರೇಡಿಗೆ ಮೂರು. ಕನ್ನಡ ಪದ್ಯ ವಾಚನವೂ ಯಕ್ಷಗಾನವೂ ಅಲ್ಲಿ ಸ್ಪರ್ಧೆಗಳು. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆ ಯಕ್ಷಗಾನದಲ್ಲಿ ಹಿಂದೆ ಬಿದ್ದರೆ ಹೇಗೆ?

ಸ್ಪರ್ಧೆಯ ದಿನ ಯಾವುದಾದರೂ ತರಗತಿ ಕೋಣೆಯೇ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಆಗುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೈಗನ್ನಡಿ ಹಿಡಿದು ಕುಳಿತಿರುತ್ತಾಳೆ. ಮುಖಕ್ಕೆ ಬಣ್ಣ ಬಳಿದಾಗಿದೆ, ಹುಬ್ಬು ತಿದ್ದುವುದು ಬಾಕಿ. ಅವಳ ತಾಯಿ ಗೆಜ್ಜೆ ಕಟ್ಟುತ್ತಾ ಪದ್ಯದ ಮೊದಲ ಸಾಲನ್ನು ಹೇಳಿಸುತ್ತಾಳೆ. ಹುಡುಗಿ ಬಾಯಿ ಅಲುಗಿಸದೆ ಗಂಟಲಲ್ಲೇ ಗುನುಗುತ್ತಾಳೆ, ಬಣ್ಣ ಕೆಡಬಾರದಲ್ಲ. ಕಿರೀಟ ಎಲ್ಲಿಂದಲೋ ಬಾಡಿಗೆಗೆ ತಂದದ್ದು, ತುಸು ದೊಡ್ಡದು. ಒಳಗೆ ಬಟ್ಟೆ ತುರುಕಿ ಬಿಗಿ ಮಾಡುತ್ತಾರೆ. ತರಬೇತಿ ಕೊಟ್ಟವರು ಶಾಲೆಯ ಶಿಕ್ಷಕರಲ್ಲದಿರಬಹುದು, ಬಸ್ಸಿನ ಬಾಡಿಗೆಗೆ ಅಡಿಕೆ ತೋಟದವರು ಕೈಹಾಕಿರಬಹುದು. ಒಂದು ಎ ಗ್ರೇಡಿನ ಹಿಂದೆ ಇಷ್ಟು ಜನರ ಕೈ ಇದೆ. ಫುಲ್ ಎ ಪ್ಲಸ್ಸಿನ ಹಿಂದೆ ಕಾಣುವುದು ಹೆಚ್ಚೆಂದರೆ ಅಪ್ಪ ಅಮ್ಮ, ಮತ್ತೆ ಟ್ಯೂಷನ್.

ಹೀಗಾಗಿ ತಂಡ ಮರಳಿದಾಗ ಶಾಲು ಯಾರಿಗೆ ಹೊದಿಸುವುದೆಂದು ಮುಖ್ಯೋಪಾಧ್ಯಾಯರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಭಾಗವತರಿಗೂ ಚೆಂಡೆಯವರಿಗೂ ಹೊದಿಸಿ ಬಣ್ಣ ಹಾಕಿದವರನ್ನು ಬಿಟ್ಟರೆ ಮುಂದಿನ ವರ್ಷ ಅವರು ಬರುತ್ತಾರೆಯೇ? ಎಲ್ಲರಿಗೂ ಪಾಯಸ ಬಡಿಸಿ ಪಾರಾಗುವ ಶಾಲೆಗಳೂ ಇವೆ.

ನೋಡಲು ಬರುವುದಾದರೆ ಶಾಲೆಗಳಿಗೆ ರಜೆ ಇರುವ ಮೇ ತಿಂಗಳಲ್ಲಿ ಬರಬೇಡಿ, ಆಗ ಸಿಗುವುದು ಫಲಿತಾಂಶದ ಶಾಲು ಮತ್ತು ಭಾಷಣ. ನವೆಂಬರಿನ ಉಪಜಿಲ್ಲಾ ಕಲೋತ್ಸವಕ್ಕೆ ಬನ್ನಿ. ಮಂಗಳೂರಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.